ಸೊಲ್ಲು ಹಿಡಿಯುವವರಿಗೆ ಜಾಗ ಬಿಡಿ

ಓದುಗರ ಪ್ರಶ್ನೆ, ಅಕ್ಕನ ಉತ್ತರ

ಕಳೆದ ತಿಂಗಳು ಇದೇ ಪುಟದಲ್ಲಿ ನಮ್ಮ ಗುರುವಾರದ ಹಾಡಿನ ಕೂಟದ ಬಗ್ಗೆ ನಾಲ್ಕು ಸಾಲು ಬರೆದಿದ್ದೆ. ಕಲಬುರಗಿಯ ಬ್ರಹ್ಮಪುರದ ಒಂದು ಓಣಿಯಲ್ಲಿ, ಹಳೆಯ ಮನೆಯ ಪಡಸಾಲೆಯಲ್ಲಿ, ಸಂಜೆ ಆರೂವರೆಗೆ ನಾವು ಕೂಡುತ್ತೇವೆ. ಆರು ವರ್ಷದ ಮಕ್ಕಳೂ ಬರುತ್ತಾರೆ, ಎಂಬತ್ತೊಂದು ದಾಟಿದ ಆಯಿಯೂ ಬರುತ್ತಾರೆ. ಶುಲ್ಕವಿಲ್ಲ, ಪರೀಕ್ಷೆಯಿಲ್ಲ, ವೇದಿಕೆಯಿಲ್ಲ. ಅದನ್ನು ಓದಿ ಬಂದ ಪತ್ರಗಳಲ್ಲಿ ಕೆಲವಕ್ಕೆ ಈ ಸಲ ಉತ್ತರ ಬರೆಯುತ್ತಿದ್ದೇನೆ. ನಾನು ಮೂವತ್ತೊಂದು ವರ್ಷ ಶಾಲೆಗಳಲ್ಲಿ ಸಂಗೀತ ಹೇಳಿಕೊಟ್ಟು ನಿವೃತ್ತಳಾದವಳು, ವೈದ್ಯಳಲ್ಲ. ಕಾಯಿಲೆಯ ಮಾತು ಬಂದಲ್ಲಿ ನಿಮ್ಮ ವೈದ್ಯರ ಮಾತೇ ಮೇಲು.

ಪ್ರಶ್ನೆ: ಅಕ್ಕನವರಿಗೆ ಶರಣು. ನನಗೆ 54 ವರ್ಷ. ನಮ್ಮೂರಿನ ಅಕ್ಕನ ಬಳಗದಲ್ಲಿ ಪ್ರತಿ ಸೋಮವಾರ ವಚನ, ತತ್ವಪದ ಹಾಡುತ್ತಾರೆ. ಹಾಡಬೇಕೆಂಬ ಆಸೆ ನನಗೆ ಬಹಳ. ಆದರೆ ಮೇಲಿನ ಸ್ವರಕ್ಕೆ ಹೋದಾಗ ದನಿ ಒಡೆಯುತ್ತದೆ. ಹೋದ ಶ್ರಾವಣದಲ್ಲಿ ಮುಂದೆ ಹಾಡುವ ಹುಡುಗಿಯೊಬ್ಬಳು, "ಅಕ್ಕಾ, ನೀವು ಸುಮ್ಮನೆ ಬಾಯಿ ಆಡಿಸಿರಿ ಸಾಕು" ಎಂದಳು. ಅಂದಿನಿಂದ ದೀಪ ಹಚ್ಚುತ್ತೇನೆ, ಪ್ರಸಾದ ಹಂಚುತ್ತೇನೆ, ಹಾಡುವುದಿಲ್ಲ. ಈ ವಯಸ್ಸಿನಲ್ಲಿ ಕಂಠ ತಿದ್ದಲು ಆದೀತೇ?
— ಓದುಗಳು, ಹುಮನಾಬಾದ್

ಉತ್ತರ: ತಂಗೀ, ಮೊದಲು ಪೇಟಿಯ (ಹಾರ್ಮೋನಿಯಂ) ಮನೆ, ಎಂದರೆ ಹಾಡಿಗೆ ಹಿಡಿಯುವ ಶ್ರುತಿ, ಬದಲಿಸಲು ಹೇಳಿರಿ. ಕಂಠದ ಮಾತು ಆಮೇಲೆ.

ಮುಂದೆ ಹಾಡುವವಳು ಹುಡುಗಿ ಎಂದು ನೀವೇ ಬರೆದಿದ್ದೀರಿ. ಇಪ್ಪತ್ತರ ದನಿಗೆ ಹಿತವಾಗುವ ಶ್ರುತಿ ಐವತ್ತರ ದನಿಗೆ ಹಿತವಾಗುವುದಿಲ್ಲ. ಮುಟ್ಟು ನಿಂತ ಮೇಲೆ ಹೆಂಗಸರ ದನಿ ಸ್ವಲ್ಪ ತಗ್ಗುತ್ತದೆ, ದಪ್ಪವಾಗುತ್ತದೆ. ಮಂಡಿಯ ನೋವು, ಕೂದಲಿನ ಬಿಳುಪು ಇದ್ದಂತೆ ಇದೂ ವಯಸ್ಸಿನ ಸಹಜ ಬದಲಾವಣೆ. ನಿಮ್ಮ ಬಳಗದವರು ಕಪ್ಪು ಐದರಲ್ಲಿ, ಎಂದರೆ ಪೇಟಿಯ ಐದನೆಯ ಕಪ್ಪು ಮನೆಯಲ್ಲಿ, ಹಾಡುತ್ತಿದ್ದರೆ ಒಂದು ಸೋಮವಾರ ಕಪ್ಪು ಮೂರಕ್ಕೆ ಇಳಿಸಿ ಹಾಡಿ ನೋಡಿರಿ. ನಿಮ್ಮ ದನಿ ಒಡೆಯುತ್ತಿದ್ದ ಜಾಗ ನಿಮಗೆ ಸಲೀಸಾಗಿ ಸಿಗಬಹುದು. ಆ ದಿನ ನಿಮ್ಮ ಜೊತೆಗೆ ಇನ್ನೂ ನಾಲ್ಕಾರು ಬಾಯಿಗಳು ತೆರೆದುಕೊಳ್ಳುತ್ತವೆ, ನೋಡುತ್ತಿರಿ. ಸುಮ್ಮನೆ ಕುಳಿತವರು ನೀವೊಬ್ಬರೇ ಆಗಿರುವುದಿಲ್ಲ. ಗಂಡಸರು ಹೆಂಗಸರು ಕೂಡಿ ಹಾಡುವ ಕಡೆಯೂ ಇದೇ ತೊಡಕು. ಗಂಡಸರಿಗೆ ಸರಿಹೋಗುವ ಕಪ್ಪು ಒಂದರಲ್ಲಿ ಪೇಟಿ ಹಿಡಿದರೆ ಹೆಂಗಸರ ದನಿ ಒಂದೋ ನೆಲ ಕಚ್ಚುತ್ತದೆ, ಇಲ್ಲವೇ ಕೀರಲಾಗುತ್ತದೆ. ಆಮೇಲೆ "ಹೆಂಗಸರು ಹಾಡುವುದೇ ಇಲ್ಲ" ಎಂದು ದೂರುತ್ತಾರೆ.

ಸ್ವರದ ಏರಿಳಿತವೇ ಕಿವಿಗೆ ತಿಳಿಯದಂಥ ಹುಟ್ಟುತೊಂದರೆ ಇರುವವರು ಇಲ್ಲವೆಂದಲ್ಲ. ಆದರೆ ಅವರು ನೂರು ಜನರಲ್ಲಿ ಒಬ್ಬಿಬ್ಬರು, ಹೆಚ್ಚೆಂದರೆ ನಾಲ್ವರು. "ನನಗೆ ಕಂಠವಿಲ್ಲ" ಎಂದು ನನ್ನ ಮುಂದೆ ಹೇಳಿದವರೆಲ್ಲ ಆ ಲೆಕ್ಕಕ್ಕೆ ಸೇರುವುದಾದರೆ ಅರ್ಧ ಕಲಬುರಗಿಯೇ ಸೇರಬೇಕಾಗುತ್ತದೆ. ಅವರಲ್ಲಿ ಬಹುಪಾಲು ಮಂದಿಯನ್ನು ಯಾರೋ ಒಬ್ಬರು ಒಂದು ದಿನ ಸುಮ್ಮನಿರಿಸಿದ್ದಾರೆ, ಅಷ್ಟೇ.

ಹಾಗೆ ಸುಮ್ಮನಿರಿಸಿದವರಲ್ಲಿ ನಾನೂ ಒಬ್ಬಳು. ಇದನ್ನು ಬರೆಯದೆ ನಿಮಗೆ ಉತ್ತರ ಕೊಡುವ ಹಕ್ಕು ನನಗಿಲ್ಲ. 1997ರಲ್ಲಿ ಒಂದು ಹಳ್ಳಿಯ ಶಾಲೆಯಲ್ಲಿದ್ದೆ. ಸಮೂಹಗಾನದ ಸ್ಪರ್ಧೆ ಹತ್ತಿರ ಬಂದಿತ್ತು. ಏಳನೆಯ ತರಗತಿಯ ಒಬ್ಬ ಹುಡುಗಿಯ ದನಿ ಉಳಿದವರಿಗಿಂತ ತಗ್ಗಿನಲ್ಲಿ ಹೋಗುತ್ತಿತ್ತು. "ನೀನು ಬಾಯಿ ಮಾತ್ರ ಆಡಿಸು, ದನಿ ತೆಗೆಯಬೇಡ" ಎಂದೆ. ಅವಳು ತಲೆಯಾಡಿಸಿದಳು. ನಮಗೆ ಎರಡನೆಯ ಬಹುಮಾನ ಬಂದಿತು. 2015ರಲ್ಲಿ ಬಸ್ ನಿಲ್ದಾಣದಲ್ಲಿ ಅವಳೇ ನನ್ನನ್ನು ಗುರುತಿಸಿ ಬಂದು ಕಾಲಿಗೆ ನಮಸ್ಕರಿಸಿದಳು. ಸೊಂಟದ ಮೇಲೆ ವರ್ಷದ ಕೂಸಿತ್ತು, ಅಳುತ್ತಿತ್ತು. ಅವಳು ಮೊಬೈಲ್ ತೆಗೆದು ಜೋಗುಳದ ವಿಡಿಯೊ ಹಚ್ಚಿದಳು. "ನೀನೇ ಹಾಡಬಾರದೇನವ್ವಾ?" ಎಂದೆ. "ನನ್ನ ದನಿ ಚೆನ್ನಾಗಿಲ್ಲವಲ್ಲ ಟೀಚರ್" ಎಂದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಪಾಠ ಒಪ್ಪಿಸಿದಂತಿತ್ತು. ಆ ಎರಡನೆಯ ಬಹುಮಾನದ ಬಟ್ಟಲು ಯಾವ ಕಪಾಟಿನಲ್ಲಿದೆಯೋ ತಿಳಿಯದು. ನನ್ನ ಒಂದು ಮಾತು ಹದಿನೆಂಟು ವರ್ಷ ಆ ಹುಡುಗಿಯ ಗಂಟಲಲ್ಲಿ ಕುಳಿತಿತ್ತು. ನಿವೃತ್ತಳಾದ ಮೊದಲ ತಿಂಗಳಲ್ಲೇ ಗುರುವಾರದ ಕೂಟ ಶುರು ಮಾಡಿದ್ದು ಆ ಬಸ್ ನಿಲ್ದಾಣದ ನೆನಪಿನಿಂದ.

ಕಣದಲ್ಲಿ ರಾಶಿ ಮಾಡುವಾಗ ಮೇಟಿಯ ಸುತ್ತ ಎತ್ತು ತಿರುಗಿಸುತ್ತ ಇರುಳೆಲ್ಲ ಹಂತಿಪದ ಹಾಡುತ್ತಿದ್ದುದನ್ನು ನಿಮ್ಮ ಮನೆಯ ಹಿರಿಯರು ಕೇಳಿರುತ್ತಾರೆ. ಒಬ್ಬ ಮುಂದೆ ಹೇಳುವನು, ಉಳಿದವರು ಸೊಲ್ಲು ಹಿಡಿಯುವರು, ಎಂದರೆ ಪಲ್ಲವಿಗೆ ದನಿ ಕೂಡಿಸುವರು. ಸೊಲ್ಲು ಹಿಡಿಯುವವರಲ್ಲಿ ಒಡಕು ದನಿಯವನೂ ಇರುತ್ತಿದ್ದ, ಮುದುಕನೂ ಇರುತ್ತಿದ್ದ, ನಿದ್ದೆಗಣ್ಣಿನ ಹುಡುಗನೂ ಇರುತ್ತಿದ್ದ. ಅವರು ಸೊಲ್ಲು ಹಿಡಿದಿರುವಷ್ಟು ಹೊತ್ತೇ ಮುಂದಿನವನಿಗೆ ಉಸಿರು ತೆಗೆದುಕೊಳ್ಳಲು, ಮುಂದಿನ ನುಡಿ ನೆನೆಯಲು ಬಿಡುವು. ಅವರು ಬಾಯಿ ಮುಚ್ಚಿದರೆ ಅವನ ಹಾಡು ನಡುರಾತ್ರಿ ದಾಟುತ್ತಿರಲಿಲ್ಲ. ನಿಮ್ಮ ಬಳಗದ ಆ ಹುಡುಗಿಗೆ ಬೇಸರವಿಲ್ಲದೆ ಇದನ್ನು ತಿಳಿಸಿ ಹೇಳಿರಿ. ಬರುವ ಸೋಮವಾರ ದೀಪ ಹಚ್ಚುವ ಕೆಲಸ ಬೇರೆಯವರಿಗೆ ಕೊಟ್ಟು ಪೇಟಿಯ ಪಕ್ಕದಲ್ಲಿ ಕುಳಿತುಕೊಳ್ಳಿರಿ. ಶ್ರುತಿ ಹತ್ತಿರವಿದ್ದಷ್ಟು ದನಿ ಬೇಗ ಅದರೊಳಗೆ ಕೂಡುತ್ತದೆ.

ಪ್ರಶ್ನೆ: ನಮ್ಮ ಅಪ್ಪ ಭಜನಾ ಮಂಡಳಿಯಲ್ಲಿ ನಲವತ್ತು ವರ್ಷ ಹಾಡಿದವರು. ಎಂಟು ತಿಂಗಳ ಹಿಂದೆ ಲಕ್ವಾ ಹೊಡೆದು ಬಲಗೈ ಬಲಗಾಲು ಸ್ವಾಧೀನ ತಪ್ಪಿದವು, ಮಾತೂ ಹೋಯಿತು. ನೀರು ಬೇಕೆಂದು ಹೇಳಲೂ ಬರುವುದಿಲ್ಲ. ಆದರೆ ಮೊನ್ನೆ ಗುಡಿಯ ಭಜನೆ ಕೇಳುತ್ತ ಕುಳಿತಿದ್ದಾಗ ಒಂದು ಪದದ ಪಲ್ಲವಿಯನ್ನು ಅಕ್ಷರ ಬಿಡದೆ ಹಾಡಿದರು. ಅವ್ವ ಪವಾಡವೆಂದು ಅತ್ತಳು. ಇದು ಹೇಗೆ ಸಾಧ್ಯ? ಅವರನ್ನು ಮತ್ತೆ ಭಜನೆಗೆ ಕರೆದುಕೊಂಡು ಹೋಗಬಹುದೇ? ಜನರ ಮುಂದೆ ಬರಲು ಅವರಿಗೆ ನಾಚಿಕೆ.
— ಓದುಗ, ಜೇವರ್ಗಿ

ಉತ್ತರ: ತಮ್ಮಾ, ನಿಮ್ಮ ಪತ್ರ ಓದಿ ಬಹಳ ಹೊತ್ತು ಕುಳಿತುಬಿಟ್ಟೆ. ಕರೆದುಕೊಂಡು ಹೋಗಿರಿ. ಹೇಗೆಂಬುದನ್ನು ಹೇಳುತ್ತೇನೆ.

ದೇಹದ ಬಲಗಡೆಯನ್ನು ನಡೆಸುವುದು ಮಿದುಳಿನ ಎಡಭಾಗ. ಹೆಚ್ಚಿನವರಲ್ಲಿ ಮಾತು ಕಟ್ಟುವ ಕೆಲಸವೂ ಅಲ್ಲಿಯದೇ. ಅದಕ್ಕೇ ಬಲಗಡೆ ಲಕ್ವಾ ಹೊಡೆದವರಲ್ಲಿ ಅನೇಕರಿಗೆ ಮಾತು ಹೋಗುತ್ತದೆ. ರಾಗ, ಲಯ, ಬಾಯಿಪಾಠವಾಗಿ ಎಷ್ಟೋ ಸಲ ಹಾಡಿದ ಪದ, ಇವು ಮಿದುಳಿನ ಬಲಭಾಗವನ್ನೂ ಬಳಸಿಕೊಳ್ಳುತ್ತವೆ. ಆ ಭಾಗ ಉಳಿದಿದ್ದರೆ ಮಾತು ಬಾರದ ಮನುಷ್ಯನ ಬಾಯಲ್ಲಿ ಹಾಡು ಬರುತ್ತದೆ. ವೈದ್ಯರು ಇದನ್ನು ಬಹಳ ಕಾಲದಿಂದ ಬಲ್ಲರು. 1973ರಲ್ಲಿ ಅಮೆರಿಕದ ಬಾಸ್ಟನ್ ನಗರದ ತಜ್ಞರು ಇದರ ಮೇಲೆಯೇ ಒಂದು ಚಿಕಿತ್ಸೆಯ ಕ್ರಮ ರೂಪಿಸಿದರು. "ನೀರು ಕೊಡು" ಎಂಬಂಥ ಚಿಕ್ಕ ಮಾತನ್ನು ಎರಡೇ ಸ್ವರದ ರಾಗಕ್ಕೆ ಹೊಂದಿಸುತ್ತಾರೆ. ಮೊದಲು ಗುನುಗುತ್ತಾರೆ, ಆಮೇಲೆ ಜೊತೆಯಲ್ಲಿ ಹಾಡಿಸುತ್ತಾರೆ. ಪ್ರತಿ ಅಕ್ಷರಕ್ಕೆ ರೋಗಿಯ ಎಡಗೈಯಿಂದ ತಟ್ಟಿಸುತ್ತಾರೆ. ದಿನ ಕಳೆದಂತೆ ಜೊತೆಯ ದನಿಯನ್ನು ಹಿಂದಕ್ಕೆ ತೆಗೆಯುತ್ತ, ರಾಗವನ್ನು ಸಡಿಲಿಸುತ್ತ ಮಾತಿನ ಹತ್ತಿರಕ್ಕೆ ತರುತ್ತಾರೆ. ಇದನ್ನು ಬಲ್ಲ ವಾಕ್ ಚಿಕಿತ್ಸಕರಿಂದಲೇ ಮಾಡಿಸಬೇಕು. ತಡಮಾಡದೆ ನಿಮ್ಮ ವೈದ್ಯರನ್ನು ಕೇಳಿರಿ.

ಅವ್ವನಿಗೆ ಒಂದು ಮಾತು ಮೆಲ್ಲಗೆ ಹೇಳಬೇಕು. ಹಾಡು ಬಂದಿತೆಂದ ಮಾತ್ರಕ್ಕೆ ಮಾತು ಬಂದೇ ಬರುತ್ತದೆಂದು ಹೇಳಲಾಗದು. ಕೆಲವರಿಗೆ ಬರುತ್ತದೆ, ಕೆಲವರಿಗೆ ಹಾಡಷ್ಟೇ ಉಳಿಯುತ್ತದೆ. ಹಾಡಷ್ಟೇ ಉಳಿದರೂ ಅದು ಅವರ ಸ್ವಂತ ದನಿ. ಎಂಟು ತಿಂಗಳ ಮೇಲೆ ಅವರು ತಮ್ಮ ದನಿಯನ್ನು ತಾವೇ ಕೇಳಿಸಿಕೊಂಡರು, ಅವ್ವ ಅತ್ತದ್ದು ಅದಕ್ಕೇ.

ಇನ್ನು ಭಜನೆಗೆ ಕರೆದೊಯ್ಯುವ ಬಗೆ. ಹಿಂದೆ ಅವರು ಕೂರುತ್ತಿದ್ದ ಜಾಗದಲ್ಲೇ ಕೂರಿಸಿರಿ, ಆದರೆ ಕೈಯಿರುವ ಕುರ್ಚಿ ಹಾಕಿರಿ. ಎಲ್ಲರೂ ಜಮಖಾನದ ಮೇಲೆ ಕುಳಿತು ಅವರೊಬ್ಬರೇ ಕುರ್ಚಿಯ ಮೇಲಿದ್ದರೆ ನಾಚಿಕೆ ಹೆಚ್ಚುತ್ತದೆ. ಮಂಡಿ ನೋಯುವ ಇನ್ನಿಬ್ಬರು ಹಿರಿಯರಿಗೂ ಆಚೆ ಈಚೆ ಕುರ್ಚಿ ಹಾಕಿಸಿರಿ. ಅಂಥವರು ಎಲ್ಲ ಮಂಡಳಿಯಲ್ಲೂ ಇರುತ್ತಾರೆ, ಯಾರಾದರೂ ಮೊದಲು ಹಾಕಲಿ ಎಂದು ಕಾಯುತ್ತಿರುತ್ತಾರೆ. ತಾಳಕ್ಕೆ ಎರಡೂ ಕೈ ಬೇಕು, ಆದ್ದರಿಂದ ಎಡಗೈಗೆ ಒಂದೇ ಕೈಯಲ್ಲಿ ನುಡಿಸುವ ಚಿಟಿಕೆ ವಾದ್ಯ ಕೊಡಿರಿ. ಪದವನ್ನು ಎಂದಿಗಿಂತ ನಿಧಾನವಾಗಿ ಎತ್ತಿಕೊಳ್ಳಲು ಪೇಟಿಯವರಿಗೆ ಹೇಳಿರಿ. ನುಡಿ ಬಾರದಿದ್ದರೆ ಬಿಡಲಿ, ಪಲ್ಲವಿಗೆ ಕೂಡಿಕೊಳ್ಳಲಿ. ನಡುವೆ ಅತ್ತರೆ ಹಾಡು ನಿಲ್ಲಿಸಬೇಡಿರಿ. ಲಕ್ವಾ ಆದವರಿಗೆ ಅಳು, ನಗು ಹಿಡಿತಕ್ಕೆ ಸಿಗದೆ ಬರುವುದುಂಟು. ಎಲ್ಲರೂ ಹಾಡು ನಿಲ್ಲಿಸಿ ಅವರನ್ನೇ ನೋಡಿದರೆ ಅವರು ಮತ್ತೆ ಬರುವುದಿಲ್ಲ. ಇನ್ನೊಂದು, ಭಜನೆ ಮುಗಿದ ಮೇಲೆ ಹಂಚುವ ಚುರುಮುರಿ, ಪುಟಾಣಿ. ನುಂಗಲು ತೊಂದರೆ ಇದೆಯೇ ಎಂದು ವೈದ್ಯರನ್ನು ಕೇಳದೆ ಅದನ್ನು ಅವರ ಬಾಯಿಗೆ ಹಾಕಬೇಡಿರಿ.

ನಮ್ಮ ಭಾಗದಲ್ಲಿ ಹುಟ್ಟಿದ ತತ್ವಪದಗಳು ಇಂಥ ಕೆಲಸಕ್ಕೆ ಬಹಳ ಒದಗುತ್ತವೆ. ತತ್ವಪದಕಾರ ಕಡಕೋಳ ಮಡಿವಾಳಪ್ಪನವರ ಊರು ನಿಮಗೆ ದೂರವೇನಲ್ಲ. ಪಲ್ಲವಿ ಮತ್ತೆ ಮತ್ತೆ ಮರಳಿ ಬರುತ್ತದೆ, ಏಕತಾರಿಯ ಒಂದೇ ಶ್ರುತಿ ಕೊನೆಯವರೆಗೂ ಕೈ ಬಿಡುವುದಿಲ್ಲ. ಒಂದು ಸಲ ತಪ್ಪಿದವನಿಗೆ ಇನ್ನೊಂದು ಸುತ್ತು ಬರುವುದು ಖಚಿತ.

ಪ್ರಶ್ನೆ: ಮೇಡಂ, ನಾನು 14 ವರ್ಷದ ಹುಡುಗ. ಮೊದಲು ಶಾಲೆಯಲ್ಲಿ ಪ್ರಾರ್ಥನೆಗೆ ನಾನೇ ಮುಂದೆ ನಿಲ್ಲುತ್ತಿದ್ದೆ. ಈಗ ದನಿ ಒಮ್ಮೆ ಗಡುಸಾಗುತ್ತದೆ, ಒಮ್ಮೆ ಕೀರಲಾಗುತ್ತದೆ. ಗೆಳೆಯರು ನಗುತ್ತಾರೆ. ಹಾಡು ಬಿಟ್ಟುಬಿಡಲೇ?
— ವಿದ್ಯಾರ್ಥಿ, ಸುರಪುರ

ಉತ್ತರ: ಬಿಡಬೇಡ ಮಗೂ. ನಿನ್ನ ಗಂಟಲಿನ ಗೂಡು ಬೆಳೆಯುತ್ತಿದೆ, ಒಳಗಿನ ದನಿಪಟ್ಟಿಗಳು ಉದ್ದವಾಗುತ್ತಿವೆ. ಹೊಸ ಎತ್ತಿಗೆ ನೊಗ ಒಗ್ಗುವವರೆಗೆ ಗಾಡಿ ಅತ್ತಿತ್ತ ಎಳೆದಾಡುವಂತೆ, ಇದೂ ಕೆಲವು ತಿಂಗಳು ಹೀಗೇ ಇರುತ್ತದೆ, ಕೆಲವರಿಗೆ ವರ್ಷ ದಾಟುತ್ತದೆ. ಅಲ್ಲಿಯವರೆಗೆ ಮುಂದೆ ನಿಲ್ಲುವ ಹಟ ಬೇಡ. ನಡುವಿನ ನಾಲ್ಕೈದು ಸ್ವರದಲ್ಲಿ ಹಾಡು, ಮೇಲಕ್ಕೆ ಕೂಗಿ ಎಳೆಯಬೇಡ, ಗಂಟಲು ನೋಯುವ ದಿನ ಸುಮ್ಮನಿರು. ನಿಮ್ಮೂರಿನ ಭಜನೆಯಲ್ಲಿ ದೊಡ್ಡವರ ಹಿಮ್ಮೇಳದ ನಡುವೆ ಕುಳಿತು ಹಾಡು. ಅಲ್ಲಿ ಯಾರೂ ನಗುವುದಿಲ್ಲ, ಅಲ್ಲಿರುವ ಗಂಡಸರೆಲ್ಲ ಇದನ್ನು ದಾಟಿ ಬಂದವರೇ. ನಿನ್ನ ಗೆಳೆಯರ ಸರದಿಯೂ ಬರುತ್ತದೆ. ಆಗ ನೀನು ನಗಬೇಡ.

ಪ್ರಶ್ನೆ: ಬೀದರಿನ ನಮ್ಮ ಬಡಾವಣೆಯಲ್ಲಿ ಕನ್ನಡ, ಮರಾಠಿ, ಉರ್ದು, ತೆಲುಗು ಮಾತನಾಡುವ ಮನೆಗಳಿವೆ, ಲಂಬಾಣಿ ತಾಂಡಾದಿಂದ ಬಂದ ಎರಡು ಮನೆಗಳೂ ಇವೆ. ತಿಂಗಳಿಗೊಮ್ಮೆ ಎಲ್ಲರೂ ಕೂಡಿ ಹಾಡೋಣವೆಂದು ಹೊರಟೆವು. ಯಾವ ಹಾಡು ಎಂಬಲ್ಲಿಗೇ ಮಾತು ನಿಂತುಹೋಯಿತು. ದೇವರ ಹಾಡಾದರೆ ಕೆಲವರು ಬರುವುದಿಲ್ಲ, ಸಿನಿಮಾ ಹಾಡಾದರೆ ಹಿರಿಯರು ಬರುವುದಿಲ್ಲ.
— ಓದುಗ, ಬೀದರ್

ಉತ್ತರ: ಜೋಗುಳದಿಂದ ಶುರು ಮಾಡಿರಿ.

ಕನ್ನಡದಲ್ಲಿ ಜೋಗುಳ, ಮರಾಠಿಯಲ್ಲಿ ಅಂಗಾಯಿ, ಉರ್ದುವಿನಲ್ಲಿ ಲೋರಿ, ತೆಲುಗಿನಲ್ಲಿ ಜೋಲ. ತೊಟ್ಟಿಲು ತೂಗುವ ನಡೆ ಎಲ್ಲೆಡೆಯೂ ಒಂದೇ. ಸಾಮಾನ್ಯವಾಗಿ ನಾಲ್ಕೈದು ಸ್ವರದೊಳಗೆ ಮುಗಿಯುತ್ತದೆ, ಆದ್ದರಿಂದ ಮುದುಕರಿಗೂ ಮಕ್ಕಳಿಗೂ ಗಂಟಲು ಎಳೆಯುವ ತ್ರಾಸವಿಲ್ಲ. ನಿಧಾನವಾಗಿರುವುದರಿಂದ ಗೊತ್ತಿಲ್ಲದ ಭಾಷೆಯ ಮಾತನ್ನೂ ಬಾಯಿ ಹಿಡಿದುಕೊಳ್ಳುತ್ತದೆ. ಎಲ್ಲಕ್ಕಿಂತ ದೊಡ್ಡ ಲಾಭವೆಂದರೆ ಮುಂದೆ ಕುಳಿತು ಹೇಳಿಕೊಡುವವರು ಆ ಮನೆಯ ಅಜ್ಜಿಯೇ ಆಗಿರುತ್ತಾರೆ. ಬಡಾವಣೆಯ ಸಭೆಗಳಲ್ಲಿ ಅವರನ್ನು ಇದುವರೆಗೆ ಯಾರಾದರೂ ಮುಂದೆ ಕೂರಿಸಿದ್ದಾರೆಯೇ?

ತಿಂಗಳಿಗೊಂದು ಮನೆ, ಮನೆಗೊಂದು ಹಾಡು. ಪೂರ್ತಿ ಕಲಿಯುವ ಹಟ ಬೇಡ, ಪಲ್ಲವಿ ಎಲ್ಲರಿಗೂ ಬಂದರೆ ಸಾಕು, ನುಡಿಯನ್ನು ಆ ಮನೆಯವರು ಹೇಳಲಿ. ಮಾತುಗಳನ್ನು ಕನ್ನಡ ಲಿಪಿಯಲ್ಲಿ ದೊಡ್ಡದಾಗಿ ಬರೆದು ಗೋಡೆಗೆ ಅಂಟಿಸಿರಿ. ಬೇರೆ ಲಿಪಿ ಬೇಕಾದವರಿಗೆ ಅದನ್ನೂ ಪಕ್ಕದಲ್ಲಿ ಬರೆಯಿರಿ. ಅರ್ಥವನ್ನು ಹಾಡುವ ಮೊದಲು ಒಂದೇ ಮಾತಿನಲ್ಲಿ ಹೇಳಿರಿ. ನಾಲ್ಕು ತಿಂಗಳು ಕಳೆಯಲಿ, ಆಮೇಲೆ ದೇವರ ಹಾಡಿನ ಪ್ರಶ್ನೆ ತಾನಾಗಿ ಸಡಿಲವಾಗುತ್ತದೆ. ನಿಮ್ಮ ಬೀದರಿನಲ್ಲಿ ಅದಕ್ಕೆ ಕೊರತೆಯೇ ಇಲ್ಲ. ಗುರುನಾನಕ್ ಝೀರಾದ ಗುರುದ್ವಾರದಲ್ಲಿ ಕೀರ್ತನ ನಡೆಯುತ್ತದೆ, ಬಸವಕಲ್ಯಾಣದ ನೆಲದಲ್ಲಿ ವಚನಗಳಿವೆ, ಗಡಿಯಾಚೆಯಿಂದ ಬಂದ ಮರಾಠಿ ಅಭಂಗವಿದೆ. ಮೊಹರಮ್ಮಿನಲ್ಲಿ ಬೆಂಕಿ ಹಾಕುವ ಅಲಾಯಿ ಕುಣಿಯ ಸುತ್ತ, ಕರ್ಬಲಾದ ಕಥೆ ಹೇಳುವ ರಿವಾಯತ್ ಪದವನ್ನು ಕನ್ನಡದಲ್ಲಿ ಹಾಡುವವರಲ್ಲಿ ಹಿಂದೂಗಳೂ ಇದ್ದಾರೆ, ಮುಸಲ್ಮಾನರೂ ಇದ್ದಾರೆ. ತಾಂಡಾದ ಮನೆಯವರಿಗೆ ಹೋಳಿಯ ತಿಂಗಳು ಬಿಟ್ಟುಕೊಡಿರಿ. ಅವರ ಹೋಳಿ ಹಾಡು ಲೇಂಗಿ ಶುರುವಾದರೆ ಯಾರಿಗೂ ಕುಳಿತಿರಲು ಆಗುವುದಿಲ್ಲ. ಒಂದು ನಿಯಮ ಮಾತ್ರ ಬಿಗಿಯಾಗಿರಲಿ: ಯಾವ ಹಾಡನ್ನಾದರೂ ಹಾಡದೆ ಸುಮ್ಮನೆ ಕುಳಿತು ಕೇಳುವ ಹಕ್ಕು ಎಲ್ಲರಿಗೂ ಇರಬೇಕು. ಯಾಕೆ ಹಾಡಲಿಲ್ಲ ಎಂದು ಯಾರೂ ಕೇಳಬಾರದು.

ಪ್ರಶ್ನೆ: ನಾನು ಶಾಲಾ ಶಿಕ್ಷಕಿ. ನನ್ನ ತರಗತಿಯ 38 ಮಕ್ಕಳಲ್ಲಿ ಒಬ್ಬಳಿಗೆ ಕಣ್ಣು ಕಾಣುವುದಿಲ್ಲ. ಒಬ್ಬನಿಗೆ ಕಿವಿ ಬಹಳ ಕಡಿಮೆ ಕೇಳುತ್ತದೆ. ಇನ್ನೊಬ್ಬನ ಬುದ್ಧಿಯ ಬೆಳವಣಿಗೆ ನಿಧಾನ, ಹಾಡಿನ ನಡುವೆ ಜೋರಾಗಿ ಕೂಗುತ್ತಾನೆ. ಸಮೂಹಗಾನದಲ್ಲಿ ಈ ಮೂವರನ್ನು ಬಿಟ್ಟರೆ ಚೆನ್ನಾಗಿ ಬರುತ್ತದೆಂದು ಎಲ್ಲರೂ ಹೇಳುತ್ತಾರೆ. ನನಗೆ ಮನಸ್ಸಾಗುತ್ತಿಲ್ಲ.
— ಶಿಕ್ಷಕಿ, ಆಳಂದ ತಾಲೂಕು

ಉತ್ತರ: ನಿಮಗೆ ಮನಸ್ಸಾಗುತ್ತಿಲ್ಲವಲ್ಲ ತಂಗೀ, ಆ ಮನಸ್ಸನ್ನೇ ಗಟ್ಟಿಯಾಗಿ ಹಿಡಿದುಕೊಳ್ಳಿರಿ. ಅದು ನನಗೆ 1997ರಲ್ಲಿ ಇರಬೇಕಾಗಿತ್ತು.

ಕಣ್ಣು ಕಾಣದ ಹುಡುಗಿಯ ಮಾತು ಬಂದ ಕೂಡಲೇ ಎಲ್ಲರೂ ಗದುಗಿನ ವೀರೇಶ್ವರ ಪುಣ್ಯಾಶ್ರಮದ ಹೆಸರು ಹೇಳುತ್ತಾರೆ. ಸರಿಯೇ. ಪಂಚಾಕ್ಷರಿ ಗವಾಯಿಗಳು, ಅವರ ಶಿಷ್ಯ ಪುಟ್ಟರಾಜ ಗವಾಯಿಗಳು, ಇಬ್ಬರೂ ಕಣ್ಣಿಲ್ಲದವರು. ಕಣ್ಣಿಲ್ಲದ ಎಷ್ಟೋ ಮಕ್ಕಳಿಗೆ ಅನ್ನ ಹಾಕಿ ವಿದ್ಯೆ ಕೊಟ್ಟವರು. ಆದರೆ ಕಣ್ಣಿಲ್ಲದವರಿಗೆ ಹಾಡು ತಾನಾಗಿ ಬರುತ್ತದೆಂದು ಯಾರಾದರೂ ಹೇಳಿದರೆ ಒಪ್ಪಬೇಡಿರಿ. ಗವಾಯಿಗಳು ವರ್ಷಾನುಗಟ್ಟಲೆ ಸಾಧನೆ ಮಾಡಿ ಪಡೆದದ್ದು ಅದು. ನಿಮ್ಮ ಹುಡುಗಿಗೆ ಗಣಿತ ಇಷ್ಟವಿರಬಹುದು. ಅವಳು ಗಾಯಕಿಯಾಗಲೇಬೇಕೆಂದಿಲ್ಲ, ಉಳಿದ ಮೂವತ್ತೇಳು ಮಕ್ಕಳಂತೆ ಹಾಡಿ ಖುಷಿಪಟ್ಟರೆ ಸಾಕು. ಅವಳಿಗೆ ಬೇಕಾದ ಅನುಕೂಲ ಚಿಕ್ಕದು. ನೀವು ಹಾಡು ಶುರು ಮಾಡಲು ಕೈ ಎತ್ತುತ್ತೀರಿ, ಅದು ಅವಳಿಗೆ ಕಾಣದು. ಎಲ್ಲರೂ ಶುರು ಮಾಡಿದ ಮೇಲೆ ಅವಳು ಅರ್ಧ ಮಾತ್ರೆ ಹಿಂದೆ ಬರುತ್ತಾಳೆ, ಅದನ್ನೇ ಜನ ತಾಳ ತಪ್ಪುವುದೆನ್ನುತ್ತಾರೆ. ಇನ್ನು ಮೇಲೆ ಕೈ ಎತ್ತುವ ಬದಲು ಮೇಜಿನ ಮೇಲೆ ಎರಡು ಸಲ ತಟ್ಟಿ, ಕೇಳುವಂತೆ ಉಸಿರು ಎಳೆದುಕೊಂಡು ಶುರು ಮಾಡಿರಿ. ಮಾತುಗಳನ್ನು ಕಪ್ಪು ಹಲಗೆಯಿಂದ ಓದಿಸುವ ಮೊದಲು ಬಾಯಿಂದ ಬಾಯಿಗೆ ಸಾಲು ಸಾಲಾಗಿ ಕಲಿಸಿರಿ. ಮೂವತ್ತೆಂಟು ಮಕ್ಕಳೂ ಹಾಗೆಯೇ ಬೇಗ ಕಲಿಯುತ್ತಾರೆ.

ಕಿವಿ ಕೇಳದ ಹುಡುಗನನ್ನು ಪೇಟಿಯ ಎದುರಿಗೆ, ನಿಮ್ಮ ಮುಖ ನೇರವಾಗಿ ಕಾಣುವಂತೆ ಕೂರಿಸಿರಿ. ಪೇಟಿಯ ಮರದ ಮೇಲೆ ಅಂಗೈ ಇಡಲಿ, ಸ್ವರ ಬದಲಾದಂತೆ ಅದರ ನಡುಕ ಬದಲಾಗುವುದು ಅವನ ಕೈಗೆ ತಿಳಿಯುತ್ತದೆ. ಹಲಗೆ ವಾದ್ಯ ಬಡಿಯಲು ಕಲಿಸಿರಿ, ಅದರ ಪೆಟ್ಟು ಎದೆಗೇ ಮುಟ್ಟುತ್ತದೆ. ಹಾಡಿನ ನಾಲ್ಕು ಮುಖ್ಯ ಮಾತುಗಳಿಗೆ ಕೈಸನ್ನೆ ಮಾಡಿ ಇಡೀ ತರಗತಿಗೆ ಕಲಿಸಿರಿ. ಆಗ ಹಾಡುವಾಗ ಎಲ್ಲರ ಕೈಗಳೂ ಅವನ ಭಾಷೆಯನ್ನು ಆಡುತ್ತವೆ.

ಕೂಗುವ ಹುಡುಗನಿಗೆ ಕೂಗುವ ಹಾಡನ್ನೇ ಕೊಡಿರಿ. ಗೀಗೀ ಪದದಲ್ಲಿ ಹಿಮ್ಮೇಳದವರು "ಗೀ ಗೀ" ಎಂದು ಏರು ದನಿಯಲ್ಲಿ ಹಿಡಿಯುತ್ತಾರಲ್ಲ, ಆ ಜಾಗ ಅವನದಾಗಲಿ. ಎಂಟು ದಿನ ಬೇಕಾದೀತು, ಇಪ್ಪತ್ತು ದಿನವೇ ಆಗಲಿ. ತನ್ನ ಸರದಿ ಬರುವುದೆಂದು ತಿಳಿದ ಮೇಲೆ ನಡುವೆ ಕೂಗುವುದು ಕಡಿಮೆಯಾಗುತ್ತದೆ. ನಮ್ಮ ಗುರುವಾರದ ಕೂಟದಲ್ಲಿ ಇಂಥ ಒಬ್ಬ ಯುವಕನಿದ್ದಾನೆ. ಪದದ ಕೊನೆಯ ಪೆಟ್ಟು ದಮ್ಮಡಿಯ ಮೇಲೆ ಅವನೇ ಹಾಕಬೇಕು. ಅವನು ಹಾಕುವವರೆಗೆ ಪದ ಮುಗಿದಂತಲ್ಲ, ನಾವೆಲ್ಲ ಕಾಯುತ್ತೇವೆ. ಒಮ್ಮೊಮ್ಮೆ ಬಹಳ ಹೊತ್ತು ಕಾಯಿಸುತ್ತಾನೆ.

ಸ್ಪರ್ಧೆಗೆ ಎಷ್ಟು ಜನರನ್ನು ಕಳಿಸಬೇಕೋ ಅಷ್ಟು ಜನರನ್ನು ಕಳಿಸಿರಿ. ಆದರೆ ವಾರಕ್ಕೊಂದು ಅವಧಿ ಮೂವತ್ತೆಂಟು ಮಕ್ಕಳದೇ ಆಗಿರಲಿ, ಅದಕ್ಕೆ ಬಹುಮಾನದ ಗಾಳಿ ಸೋಕದಿರಲಿ. ಯಾರಾದರೂ ಆಕ್ಷೇಪಿಸಿದರೆ 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯನ್ನು ನೆನಪಿಸಿರಿ. 21 ಬಗೆಯ ವೈಕಲ್ಯಗಳನ್ನು ಗುರುತಿಸುವ ಆ ಕಾಯ್ದೆ, ಸಾಂಸ್ಕೃತಿಕ ಬದುಕಿನಲ್ಲಿ ಎಲ್ಲರಿಗೂ ಸಮಾನವಾದ ಪಾಲು ಸಿಗಬೇಕೆಂದು ಹೇಳುತ್ತದೆ.

ಪ್ರಶ್ನೆ: ನಮ್ಮ ಭಜನೆಗೆ ಮೈಕು ಹಚ್ಚಿದರೆ ಪಕ್ಕದ ಮನೆಯವರು ತಕರಾರು ಮಾಡುತ್ತಾರೆ. ಭಕ್ತಿಯ ಕೆಲಸಕ್ಕೂ ಅಡ್ಡಿಯೇ?
— ಓದುಗ, ಚಿತ್ತಾಪುರ

ಉತ್ತರ: ಪಕ್ಕದ ಮನೆಯವರ ಮಾತು ಸರಿಯಾಗಿದೆ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ಧ್ವನಿವರ್ಧಕಕ್ಕೆ ಲಿಖಿತ ಅನುಮತಿ ಬೇಕು. ರಾತ್ರಿ 10ರಿಂದ ಬೆಳಗಿನ 6ರವರೆಗೆ ಬಯಲಿನಲ್ಲಿ ಅದನ್ನು ಹಚ್ಚುವಂತಿಲ್ಲ. ವಸತಿ ಪ್ರದೇಶದಲ್ಲಿ ಶಬ್ದದ ಮಿತಿ ಹಗಲು 55 ಡೆಸಿಬಲ್, ರಾತ್ರಿ 45.

ಕಾನೂನಿನ ಮಾತು ಅಷ್ಟೇ. ನನ್ನ ಮಾತು ಬೇರೆ ಇದೆ. ಹದಿನೈದು ಜನ ಕುಳಿತ ಗುಡಿಯಲ್ಲಿ ಮೈಕು ಯಾರಿಗಾಗಿ? ಅದು ಒಬ್ಬನ ಬಾಯಿಯ ಮುಂದೆ ಬರುತ್ತದೆ, ಹದಿನಾಲ್ಕು ಜನರ ದನಿ ಅವರಿಗೇ ಕೇಳದಂತಾಗುತ್ತದೆ. ತನ್ನ ದನಿ ತನಗೆ ಕೇಳದಿದ್ದವನು ಎರಡು ಪದ ಹಾಡಿ ಮೂರನೆಯದಕ್ಕೆ ಸುಮ್ಮನಾಗುತ್ತಾನೆ, ನಾಲ್ಕನೆಯದಕ್ಕೆ ಮೊಬೈಲ್ ನೋಡುತ್ತಾನೆ. ಒಂದು ವಾರ ಮೈಕಿನ ತಂತಿ ಕಿತ್ತು, ವೃತ್ತವಾಗಿ ಕುಳಿತು ಹಾಡಿ ನೋಡಿರಿ. ತಕರಾರು ಮಾಡುವ ಮನೆಯವರನ್ನೂ ಕರೆಯಿರಿ.

ಪ್ರಶ್ನೆ: ನನಗೆ 71. ಕಿವಿಗೆ ಯಂತ್ರ ಹಾಕಿದ್ದೇನೆ. ಮಾತು ಕೇಳುತ್ತದೆ, ಆದರೆ ಹಾಡು ತಗಡು ಬಡಿದಂತೆ ಕೇಳುತ್ತದೆ. ಹಾಡಿನ ಆಸೆ ಬಿಡಬೇಕೇ?
— ಓದುಗ, ಶಹಾಪುರ

ಉತ್ತರ: ಬೇಡ ಅಣ್ಣಾ. ಆ ಯಂತ್ರವನ್ನು ಮಾತು ಸ್ಪಷ್ಟವಾಗಿ ಕೇಳಲೆಂದು ಹೊಂದಿಸಿರುತ್ತಾರೆ. ಜೋರು ದನಿಯನ್ನು ಅದು ಅದುಮುತ್ತದೆ, ಸಣ್ಣ ದನಿಯನ್ನು ಎತ್ತುತ್ತದೆ. ಹಾಡಿನ ಏರಿಳಿತ ಹಾಳಾಗುವುದು ಅಲ್ಲಿಯೇ. ಯಂತ್ರ ಕೊಟ್ಟವರ ಬಳಿ ಹೋಗಿ ಸಂಗೀತಕ್ಕೆ ಬೇರೆ ಹೊಂದಾಣಿಕೆ ಮಾಡಿಕೊಡಲು ಕೇಳಿರಿ, ಅನೇಕ ಯಂತ್ರಗಳಲ್ಲಿ ಆ ಸೌಲಭ್ಯವಿದೆ. ಭಜನೆಯಲ್ಲಿ ಸ್ಪೀಕರಿನಿಂದ ದೂರ, ಪೇಟಿಗೆ ಹತ್ತಿರ ಕೂರಿರಿ. ವಯಸ್ಸಾದವರಿಗೆ ಮೊದಲು ಕಡಿಮೆಯಾಗುವುದು ಕೀರು ಸ್ವರಗಳ ಕೇಳುವಿಕೆ. ಆದ್ದರಿಂದ ದಪ್ಪ ದನಿಯವರ ಪಕ್ಕದಲ್ಲಿ ಕುಳಿತರೆ ಹಾಡು ಹಿಡಿಯುವುದು ಸುಲಭ.

ಪ್ರಶ್ನೆ: ನಮ್ಮ ಅತ್ತೆಯವರಿಗೆ 78. ಮರೆವು ಹೆಚ್ಚಾಗಿದೆ, ಮೊಮ್ಮಕ್ಕಳ ಹೆಸರು ತಪ್ಪುತ್ತದೆ. ಹಿಂದೆ ಬೀಸುವ ಪದ ಎಷ್ಟು ಹೇಳುತ್ತಿದ್ದರೆಂದರೆ ಓಣಿಯವರೆಲ್ಲ ಇವರಿಂದಲೇ ಕಲಿತರಂತೆ. ರೆಕಾರ್ಡ್ ಮಾಡಿ ಇಡೋಣವೆಂದು ಮೊಬೈಲ್ ಹಿಡಿದು ಕುಳಿತರೆ "ನನಗೇನೂ ಬರುವುದಿಲ್ಲ" ಎಂದು ಮುಖ ತಿರುಗಿಸುತ್ತಾರೆ.
— ಸೊಸೆ, ಸೇಡಂ ತಾಲೂಕು

ಉತ್ತರ: ಅವರು ಸುಳ್ಳು ಹೇಳುತ್ತಿಲ್ಲ ತಂಗೀ. ಸುಮ್ಮನೆ ಕುಳಿತು ಮೊಬೈಲಿನ ಮುಂದೆ ಹೇಳಬೇಕೆಂದರೆ ಅವರಿಗೆ ನಿಜಕ್ಕೂ ಬರುವುದಿಲ್ಲ. ಆ ಪದಗಳನ್ನು ಅವರು ಹಾಗೆ ಕಲಿತವರಲ್ಲ. ಕೋಳಿ ಕೂಗುವ ಹೊತ್ತಿಗೆ ಎದ್ದು, ಎದುರುಬದುರು ಕುಳಿತು, ಒಂದೇ ಗೂಟಕ್ಕೆ ಇಬ್ಬರೂ ಕೈ ಹಚ್ಚಿ, ಹಿಡಿ ಹಿಡಿ ಜೋಳ ಹಾಕುತ್ತ ತಿರುಗಿಸುವಾಗ ಬಂದ ಪದಗಳು ಅವು. ತ್ರಿಪದಿಯ ಮೂರು ಸಾಲು ಕಲ್ಲಿನ ಸುತ್ತಿಗೆ ಅಂಟಿಕೊಂಡಿವೆ. ಮರೆವಿನ ಕಾಯಿಲೆಯಲ್ಲಿ ಹೆಸರುಗಳು, ನಿನ್ನೆಯ ಸಂಗತಿಗಳು ಮೊದಲು ಹೋಗುತ್ತವೆ. ಎಳವೆಯಲ್ಲಿ ಕಲಿತ ಹಾಡು, ಕೈ ರೂಢಿ ಮಾಡಿಕೊಂಡ ಕೆಲಸ ಬಹಳ ಕಾಲ ಉಳಿಯುತ್ತವೆ.

ನಿಮ್ಮ ಮನೆಯ ಬೀಸುವ ಕಲ್ಲು ಎಲ್ಲಿದೆ? ಹಿತ್ತಿಲಲ್ಲಿ ತುಳಸಿಕಟ್ಟೆಯ ಪಕ್ಕ ಬಿದ್ದಿರಬೇಕು, ಬಹಳ ಮನೆಗಳಲ್ಲಿ ಹಾಗೇ ಆಗಿದೆ. ತೊಳೆದು ಒಳಗೆ ತನ್ನಿರಿ. ಗೂಟ ಮುರಿದಿದ್ದರೆ ಬಡಿಗರಿಂದ ಹಾಕಿಸಿರಿ. ತೊಗರಿ ಒಡೆಯಲು ಇಡಿರಿ, ನಮ್ಮ ಸೀಮೆಯಲ್ಲಿ ಅದಕ್ಕೇನು ಬರವೇ? ತೊಗರಿಗೆ ಜೋಳದಷ್ಟು ಬಲ ಬೇಕಾಗುವುದಿಲ್ಲ. ಬೆಳಗಿನ ಹೊತ್ತು, ಮನೆ ಸದ್ದಿಲ್ಲದೆ ಇರುವಾಗ, ಎದುರಿಗೆ ನೀವು ಕುಳಿತುಕೊಳ್ಳಿರಿ. ಅವರ ಕೈಯನ್ನು ಗೂಟದ ಮೇಲೆ ಇಟ್ಟು, ಅದರ ಮೇಲೆ ನಿಮ್ಮ ಕೈ ಇಟ್ಟು ತಿರುಗಿಸಿರಿ. ಭಾರವೆಲ್ಲ ನೀವು ಎಳೆಯಿರಿ, ಅವರದು ಕೈ ಮಾತ್ರ ಇರಲಿ. ಹಾಡೆಂದು ಕೇಳಬೇಡಿರಿ. ನಿಮಗೆ ನೆನಪಿರುವ ಒಂದು ಸಾಲನ್ನು ನೀವೇ ಹಾಡಿ, ಕೊನೆಯ ಮಾತು ಹೇಳದೆ ಬಿಟ್ಟು, ಕಲ್ಲು ತಿರುಗಿಸುತ್ತಲೇ ಇರಿ. ಮೊದಲ ದಿನ ಬಾರದಿರಬಹುದು. ಮೂರನೆಯ ದಿನವೋ ಐದನೆಯ ದಿನವೋ ಆ ಬಿಟ್ಟ ಮಾತನ್ನು ಅವರು ತುಂಬುತ್ತಾರೆ. ಆಗ ಹಿಗ್ಗಿ ಕೂಗಬೇಡಿರಿ, ಮೊಬೈಲಿಗೆ ಓಡಬೇಡಿರಿ. ಮುಂದಿನ ಹಿಡಿ ಕಾಳು ಹಾಕಿರಿ.

ನಿಮ್ಮ ಮಗಳನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳಿರಿ. ಅವಳ ಹೆಸರು ಅಜ್ಜಿಯ ಬಾಯಲ್ಲಿ ತಪ್ಪಿದರೆ ತಿದ್ದಬೇಡ ಎಂದು ಮೊದಲೇ ಹೇಳಿರಿ. ರೆಕಾರ್ಡ್ ಮಾಡುವುದು ಒಂದು ತಿಂಗಳು ಕಳೆದ ಮೇಲೆ ಇರಲಿ, ಅದೂ ಅವರು ಒಪ್ಪಿದರೆ. ಅಷ್ಟರಲ್ಲಿ ನಾಲ್ಕು ಪದ ನಿಮ್ಮ ಬಾಯಿಗೂ ಬಂದಿರುತ್ತವೆ.

ಅವರು ಮೊದಲು ತುಂಬಿದ ಮಾತು ಯಾವುದೆಂದು ನನಗೆ ಒಂದು ಕಾರ್ಡು ಬರೆಯಿರಿ.